ಇಳಿಜಾರಿನಲ್ಲಿ ಆರಿಸಿದ ಎಂಜಿನ್

ಮೂಡಲಪಾಳ್ಯದ ನಮ್ಮ ಮನೆಯ ಎದುರು ಒಂದು ಟೂರಿಸ್ಟ್ ಬಸ್ಸು ನಿಲ್ಲುತ್ತದೆ. ಬೆಳಿಗ್ಗೆ ನಾನು ಪೇಪರ್ ಹಿಡಿದು ಹೊರಗೆ ಕೂರುವ ಹೊತ್ತಿಗೆ ಅದು ಎಲ್ಲಿಂದಲೋ ಬಂದು, ಗೋಡೆಗೆ ಒರಗಿದ ಹಾಗೆ ನಿಂತು, ನಿಂತ ಮೇಲೂ ಗುರುಗುಟ್ಟುತ್ತಲೇ ಇರುತ್ತದೆ. ಡೀಸೆಲ್ ಹೊಗೆ ಕಾಂಪೌಂಡು ದಾಟಿ ಕಾಫಿ ಲೋಟದೊಳಕ್ಕೆ ಇಳಿಯುತ್ತದೆ. ಪಕ್ಕದ ಮನೆಯಾಕೆ ದಿನಾ ಬೈಯುತ್ತಾರೆ. ನಾನು ಬೈದವನಲ್ಲ. ಒಂದು ದಿನ ಮಾತ್ರ ಗೇಟಿನ ತನಕ ಹೋಗಿ, ಬಂದು ನಿಂತಾಯಿತಲ್ಲ, ಇನ್ನೂ ಯಾಕಪ್ಪಾ ಆರಿಸುವುದಿಲ್ಲ ಎಂದು ಕೇಳಿದೆ. ಡ್ರೈವರ್ ಹಲ್ಲುಜ್ಜುತ್ತಿದ್ದ. ಉಗಿದು ಹೇಳಿದ:

"ಟರ್ಬೊ ಸಾರ್ ಇದು. ಬಿಸೀಲಿ ತಕ್ಷಣ ಆಫ್ ಮಾಡಂಗಿಲ್ಲ. ಸ್ವಲ್ಪ ಹೊತ್ತು ಸುಮ್ನೆ ಓಡಕ್ಕೆ ಬಿಡ್ಬೇಕು. ಇಲ್ಲಾಂದ್ರೆ ಒಳಗಡೆ ಬೇರಿಂಗ್ ಸುಟ್ಟೋಗುತ್ತೆ. ಎಲ್ರಿಗೂ ಗೊತ್ತಿರೋದೇ ಅಲ್ವಾ."

ಎಲ್ಲರಿಗೂ ಗೊತ್ತಿರುವುದೇ. ಈಗ ಗೊತ್ತಿದೆ. ಬಸ್ಸಿನ ಹಿಂದೆ ದಪ್ಪಕ್ಷರದಲ್ಲಿ ಬರೆಸುವಷ್ಟು ಗೊತ್ತಿದೆ. ನಾನು ವಾಪಸು ಬಂದು ಕೂತೆ. ಕಾಫಿ ಕುಡಿಯಲಾಗಲಿಲ್ಲ.

ಆ ಬೇಸಿಗೆಯ ಕತೆಯನ್ನು ನಾನು ಹಲವರಿಗೆ ಹೇಳಿದ್ದೇನೆ. ಹೇಳಿದಷ್ಟೂ ಅದು ನುಣುಪಾಗುತ್ತದೆ. ಒಂದು ಸಲ ಹೇಳುವಾಗ ಎಂಜಿನ್ ಕೆಟ್ಟ ದಿನ ಮಳೆ ಬಂತು. ಆಮೇಲೆ ಎಲ್ಲ ಸಲವೂ ಮಳೆ ಬಂತು. ಈಗ ಯೋಚಿಸಿದರೆ ಅಂದು ಮಳೆ ಇರಲಿಲ್ಲ ಅನ್ನಿಸುತ್ತದೆ. ಎಂಜಿನ್ನಿಗೆ ಕೈ ತಾಗಿಸಿದಾಗ ಬಿಸಿಲಿನ ಸುಡುವಿಕೆ ಯಾವುದು, ಎಂಜಿನ್ನಿನ ಸುಡುವಿಕೆ ಯಾವುದು ಎಂದು ತಿಳಿಯದೆ ಕೈ ಹಿಂದಕ್ಕೆ ಎಳೆದುಕೊಂಡದ್ದು ನೆನಪಿದೆ. ಹಾಗಿದ್ದರೆ ಮಳೆ ಎಲ್ಲಿಂದ ಬಂತು? ಕೇಳುವವರ ಮುಖ ನೋಡಿ ನಾನೇ ಸುರಿಸಿರಬೇಕು. ಈ ಸಲ ಮಳೆಯಿಲ್ಲದೆ ಬರೆಯುತ್ತೇನೆ.

ಕನ್ನಡದ ಜಿಲ್ಲೆಗಳೆಲ್ಲ ಸೇರಿ ಒಂದೇ ರಾಜ್ಯವಾಗುತ್ತದಂತೆ ಎಂಬ ಮಾತು ಹೋಟೆಲುಗಳಲ್ಲಿ ಬಿಸಿಯಾಗಿದ್ದ ವರ್ಷ. ರಾಜಾಜಿನಗರ ಎಂದರೆ ಆಗ ಕೆಂಪು ಮಣ್ಣಿನ ರಸ್ತೆ, ಮೂಲೆ ಮೂಲೆಗೆ ನೆಟ್ಟ ಸೈಟುಕಲ್ಲು, ಅರ್ಧ ಎದ್ದ ಗೋಡೆ. ಆ ಗೋಡೆಗಳ ಬುಡಕ್ಕೆ ಬೇಕಾದ ಕಲ್ಲಿನಲ್ಲಿ ಒಂದು ಪಾಲು ಹೋಗುತ್ತಿದ್ದುದು ಕೆಂಗೇರಿಯ ಆಚೆಯ ನಮ್ಮ ಕಂಪನಿಯ ಗಣಿಯಿಂದ. ಕಂಪನಿಯ ಹೆಸರು ಬೇಡ. ಅದು ಈಗ ಇಲ್ಲ, ಗಣಿಯಿದ್ದ ಗುಡ್ಡವೂ ಇಲ್ಲ. ಗಣಿಯಿಂದ ಕೆಂಗೇರಿ ಸ್ಟೇಷನ್ನಿನ ಗೂಡ್ಸ್ ಯಾರ್ಡಿನವರೆಗೆ ಕಂಪನಿಯದೇ ಸಣ್ಣ ರೈಲು ಹಳಿ ಇತ್ತು. ಗಣಿಯಿಂದ ಹೊರಟ ಹಳಿ ಒಂದು ದಿಣ್ಣೆ ಹತ್ತಿ, ಆ ಕಡೆ ಉದ್ದಕ್ಕೆ ಇಳಿದು, ಒಂದು ತಿರುವು ತಿರುಗಿ ಯಾರ್ಡು ಸೇರುತ್ತಿತ್ತು. ಈ ಕತೆಯಲ್ಲಿ ಆಗುವುದೆಲ್ಲ ಆ ದಿಣ್ಣೆಯ ಮೇಲೆಯೇ.

ನನ್ನ ಮನೆ ಹೊಸಹಳ್ಳಿಯಲ್ಲಿ. ಹೊಸಹಳ್ಳಿ ಆಗ ನಿಜವಾಗಿಯೂ ಹಳ್ಳಿ. ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಕಂಪನಿಗೆ ಸೇರಿದ್ದೆ. ಬೆಳಿಗ್ಗೆ ಸೈಕಲ್ಲು ಹತ್ತಿ ಮೈಸೂರು ರಸ್ತೆ ಹಿಡಿದರೆ ಹೊಳೆಯ ಪಕ್ಕಕ್ಕೇ ಕೆಂಗೇರಿಯ ತನಕ. ಹೌದು, ಹೊಳೆ. ಇವತ್ತು ಬಸ್ಸಿನವರು ಕಿಟಕಿ ಮುಚ್ಚಿಕೊಂಡು ದಾಟುವ ಅದೇ ವೃಷಭಾವತಿ. ಅದರಲ್ಲಿ ನಾನು ಮುಖ ತೊಳೆದಿದ್ದೇನೆ ಎಂದರೆ ಮೊಮ್ಮಕ್ಕಳು ನಂಬುವುದಿಲ್ಲ.

ಗಣಿಯ ಕಲ್ಲನ್ನು ಎಳೆಯುತ್ತಿದ್ದುದು ಒಂದು ಮುದಿ ಉಗಿ ಎಂಜಿನ್. ಅದರ ಡ್ರೈವರ್ ಮುನಿಸ್ವಾಮಿ, ಕಲ್ಲಿದ್ದಲು ತೂರುವ ಫೈರ್‌ಮನ್ ರಂಗಪ್ಪ. ಮುನಿಸ್ವಾಮಿ ಸಣಕಲ, ಮಾತು ಕಮ್ಮಿ. ರಂಗಪ್ಪ ದಪ್ಪ ತೋಳಿನವನು, ಬಾಯಿ ಮುಚ್ಚಿದವನಲ್ಲ. ಹದಿನೈದಿಪ್ಪತ್ತು ವರ್ಷ ಒಂದೇ ಬೆಂಕಿಯ ಮುಂದೆ ನಿಂತವರು. ಒಬ್ಬರ ಬುತ್ತಿಯಲ್ಲಿ ಇನ್ನೊಬ್ಬರ ಕೈ. ಗೆಣಸಿನ ಕಾಲ ಬಂದರೆ ಬೂದಿತಟ್ಟೆಯಲ್ಲಿ ಗೆಣಸು ಹುಗಿದು, ದಿಣ್ಣೆ ಹತ್ತಿ ಇಳಿಯುವುದರೊಳಗೆ ಬೇಯಿಸಿ, ಯಾರ್ಡಿನಲ್ಲಿ ನನಗೂ ಒಂದು ಎಸೆಯುತ್ತಿದ್ದರು. ರಂಗಪ್ಪನಿಗೂ ಎಂಜಿನ್ ಓಡಿಸಲು ಬರುತ್ತಿತ್ತು. ಮುನಿಸ್ವಾಮಿಯೇ ಕಲಿಸಿದ್ದ.

ಆ ಬೇಸಿಗೆಯ ಮೊದಲಿಗೆ ಮದ್ರಾಸಿನ ಏಜೆಂಟರೊಬ್ಬರು ಪರೀಕ್ಷೆಗೆಂದು ಎರಡು ಡೀಸೆಲ್ ಎಂಜಿನ್ ಕಳಿಸಿದರು. ಎರಡೂ ಒಂದೇ ಕಾರ್ಖಾನೆಯವು, ಒಂದೇ ಹಸಿರು ಬಣ್ಣ, ಒಂದೇ ಅಳತೆಯ ಸಿಲಿಂಡರುಗಳು. ವ್ಯತ್ಯಾಸ ಇದ್ದುದು ಉಸಿರಾಟದಲ್ಲಿ. ಒಂದು ಎಂಜಿನ್ ತನಗೆ ಬೇಕಾದ ಗಾಳಿಯನ್ನು ತಾನೇ ಎಳೆದುಕೊಳ್ಳುತ್ತಿತ್ತು, ನಾವು ನೀವು ಎಳೆದುಕೊಳ್ಳುವ ಹಾಗೆ. ಇನ್ನೊಂದರ ಪಕ್ಕೆಗೆ ಶಂಖದ ಆಕಾರದ ಒಂದು ಕಬ್ಬಿಣದ ಡಬ್ಬಿ, ಈಗ ಎಲ್ಲರೂ ಟರ್ಬೊ ಎನ್ನುವುದು ಅದನ್ನೇ. ಹೊರಗೆ ಹೋಗುವ ಬಿಸಿ ಹೊಗೆ ಅದರೊಳಗಿನ ಒಂದು ಚಕ್ರವನ್ನು ತಿರುಗಿಸುತ್ತಿತ್ತು. ಅದೇ ದಂಡದ ಇನ್ನೊಂದು ತುದಿಯ ಚಕ್ರ ಹೊರಗಿನ ಗಾಳಿಯನ್ನು ಹಿಡಿದು ಸಿಲಿಂಡರಿನೊಳಕ್ಕೆ ಒತ್ತುತ್ತಿತ್ತು. ಗಾಳಿ ಹೆಚ್ಚಾದರೆ ಹೆಚ್ಚು ಡೀಸೆಲ್ ಎಣ್ಣೆ ಸುಡಬಹುದು, ಬಲ ಹೆಚ್ಚುತ್ತದೆ. ಬೆಂಗಳೂರು ಎತ್ತರದ ಊರು, ಇಲ್ಲಿನ ಗಾಳಿ ಮದ್ರಾಸಿನದಕ್ಕಿಂತ ತೆಳು. ಬರಿಯ ಎಂಜಿನ್ ಇಲ್ಲಿ ಏದುತ್ತದೆ. ಡಬ್ಬಿಯಿದ್ದದ್ದು ಅಷ್ಟಾಗಿ ಏದುವುದಿಲ್ಲ. ಎಳೆತ ಜೋರಾದಾಗ ಅದು ಸಣ್ಣಗೆ ಸಿಳ್ಳೆ ಹಾಕುತ್ತಿತ್ತು. ಗಣಿಯವರು ಒಂದಕ್ಕೆ ಬೋಳು ಎಂಜಿನ್ ಎಂದರು, ಇನ್ನೊಂದಕ್ಕೆ ಸಿಳ್ಳೆ ಎಂಜಿನ್ ಎಂದರು.

ಮ್ಯಾನೇಜರ್ ಶೇಷಗಿರಿರಾಯರು ಏರ್ಪಾಡು ಮಾಡಿದ ರೀತಿ ಹೀಗೆ. ಸಿಳ್ಳೆ ಎಂಜಿನ್ ಮುನಿಸ್ವಾಮಿಗೆ, ಬೋಳು ಎಂಜಿನ್ ರಂಗಪ್ಪನಿಗೆ. ಎರಡಕ್ಕೂ ಸಮ ಸಮ ಕಲ್ಲು. ಮುಂಗಾರು ಹಿಡಿಯುವವರೆಗೆ ಓಡಿಸುವುದು. ಯಾವುದು ಕಡಿಮೆ ಎಣ್ಣೆ ಕುಡಿಯುತ್ತದೋ ಅದು ಉಳಿಯುತ್ತದೆ, ಇನ್ನೊಂದು ಮದ್ರಾಸಿಗೆ ವಾಪಸು. ಇಲ್ಲಿಯವರೆಗೆ ನ್ಯಾಯವಾಗಿಯೇ ಕೇಳಿಸುತ್ತದೆ. ಆಮೇಲೆ ರಾಯರು ಕನ್ನಡಕ ಒರೆಸಿಕೊಳ್ಳುತ್ತ, ಡೀಸೆಲ್ಲಿಗೆ ಫೈರ್‌ಮನ್ ಬೇಕಿಲ್ಲವಲ್ಲ, ಒಂದು ಎಂಜಿನ್ನಿಗೆ ಒಬ್ಬ ಡ್ರೈವರ್ ಸಾಕು, ಉಳಿದ ಎಂಜಿನ್ನಿನ ಡ್ರೈವರೇ ಉಳಿಯಲಿ ಎಂದರು. ಇನ್ನೊಬ್ಬ ಮನೆಗೆ. ಹವಾಮಾನ ಹೇಳುವ ಧ್ವನಿಯಲ್ಲಿ ಹೇಳಿ ಮುಗಿಸಿದರು.

ಎರಡು ಎಂಜಿನ್ ಹೋಲಿಸುವ ಕೆಲಸ ಎಂದು ನನಗೆ ಒಪ್ಪಿಸಿದ್ದರು. ಎರಡು ಸಂಸಾರಗಳನ್ನು ಒಂದು ಹಗ್ಗದ ಎರಡು ತುದಿಗೆ ಕಟ್ಟಿದ್ದರು. ಸಮ ಕಲ್ಲು ಕಟ್ಟುವುದೇ ಸಿಳ್ಳೆ ಎಂಜಿನ್ನಿಗೆ ಮಾಡುವ ಮೋಸ, ಅದರ ಬಲವೇ ಹೆಚ್ಚು ಭಾರ ಎಳೆಯುವುದರಲ್ಲಿ ಇದೆ, ಹೆಚ್ಚು ಕಟ್ಟಿ ನೋಡೋಣ ಎಂದು ನಾನು ರಾಯರಿಗೆ ಹೇಳಿದೆ. ಅವರು ನನ್ನನ್ನು ಕೂರಿಸಿ ಕಾಫಿ ತರಿಸಿ, ಹೋಲಿಕೆ ಅಂದ್ಮೇಲೆ ಸಮ ಇರಬೇಕಪ್ಪಾ ಎಂದರು.

ಮದ್ರಾಸಿನಿಂದ ಎಂಜಿನ್ನುಗಳ ಜೊತೆ ಒಬ್ಬ ಮೆಕ್ಯಾನಿಕ್ ಬಂದಿದ್ದ. ವಾಪಸು ಹೋಗುವ ದಿನ ಶೆಡ್ಡಿನ ಮುಂದೆ ಸಿಳ್ಳೆ ಎಂಜಿನ್ನಿನ ಡಬ್ಬಿಗೆ ಕೈಯಿಟ್ಟು ಅವನು ಹೇಳಿದ್ದು: ಇದರೊಳಗಿನ ದಂಡ ನಂಬಲಾಗದ ವೇಗದಲ್ಲಿ ತಿರುಗುತ್ತದೆ, ಎಂಜಿನ್ ಒತ್ತಿ ಕಳಿಸುವ ಕೀಲೆಣ್ಣೆಯ ಮೇಲೆ ತೇಲಿಕೊಂಡು. ಎಂಜಿನ್ ನಿಂತರೆ ಕೀಲೆಣ್ಣೆ ನಿಲ್ಲುತ್ತದೆ, ದಂಡ ಮಾತ್ರ ತಿರುಗುತ್ತಲೇ ಇರುತ್ತದೆ, ಕೆಂಡದಂತೆ ಕಾದು, ಒಣಗಿಕೊಂಡು. ಅದಕ್ಕೇ ನಿಲ್ಲಿಸುವ ಮುಂಚೆ ಸ್ವಲ್ಪ ಹೊತ್ತು ಸುಮ್ಮನೆ ಓಡಲು ಬಿಟ್ಟು ತಣಿಸಿ, ಆಮೇಲೆ ಆರಿಸಿ. ಅವನು ಇಂಗ್ಲಿಷಿನಲ್ಲಿ ಹೇಳಿದ್ದನ್ನು ನಾನು ಕನ್ನಡದಲ್ಲಿ ಹೇಳಿದೆ. ಮುನಿಸ್ವಾಮಿ ತಲೆಯಾಡಿಸಿದ. ಫಿಟ್ಟರ್ ಗೌಸ್ ಪಕ್ಕದಲ್ಲಿದ್ದ. ಇವರಿಬ್ಬರು ಇದ್ದದ್ದು ಖಂಡಿತ. ರಂಗಪ್ಪ ಇದ್ದನೇ? ಈ ಪ್ರಶ್ನೆಯನ್ನು ನೆನಪಿಟ್ಟುಕೊಳ್ಳಿ ಎಂದು ನಿಮ್ಮನ್ನು ಕೇಳುತ್ತೇನೆ. ನನ್ನನ್ನು ಒಬ್ಬರು ಕೇಳಿದ್ದಾರೆ.

ಓಟ ಶುರುವಾಯಿತು. ದಿನಾ ಬೆಳಿಗ್ಗೆ ಟ್ಯಾಂಕು ತುಂಬಿಸಿ, ಸಂಜೆ ಅಳತೆಯ ಕಡ್ಡಿ ಇಳಿಸಿ ಎಣ್ಣೆ ಎಷ್ಟು ಇಳಿದಿದೆ ನೋಡುವುದು ನನ್ನ ಕೆಲಸ. ಉಳಿದಂತೆ ಯಾರ್ಡಿನ ತಗಡಿನ ಚಪ್ಪರದಲ್ಲಿ ಕೂರುತ್ತಿದ್ದೆ. ಶುರುವಿನ ಒಂದೆರಡು ದಿನ ಮಾತ್ರ ಗಣಿಯ ಕಡೆಯ ಏರಿಗೆ ಹೋಗಿ ನಿಂತು ನೋಡಿದ್ದೆ. ಹತ್ತುವಾಗ ಬೋಳು ಎಂಜಿನ್ ಕರಿ ಹೊಗೆ ಕಾರುತ್ತ, ಒಂದೊಂದು ಹಳಿಯನ್ನೂ ಬೈಯುತ್ತ ಬರುತ್ತಿತ್ತು. ಸಿಳ್ಳೆ ಎಂಜಿನ್ ಹೊರಡುವಾಗ ಒಂದು ಕ್ಷಣ ಯೋಚನೆ ಮಾಡಿದ ಹಾಗೆ ಮಂಕಾಗಿ ನಿಂತು, ಆಮೇಲೆ ಉಸಿರು ಸಿಕ್ಕಿ, ಅದೇ ಭಾರವನ್ನು ಆಟದ ಹಾಗೆ ದಿಣ್ಣೆಗೆ ಏರಿಸುತ್ತಿತ್ತು. ಯಾರ್ಡಿನಲ್ಲಿ ವ್ಯಾಗನ್ ಹಿಂದೆ ಮುಂದೆ ತಳ್ಳುವ ಚಿಲ್ಲರೆ ಕೆಲಸಕ್ಕೆ ಮಾತ್ರ ಬೋಳೇ ವಾಸಿ. ಹೇಳಿದ ತಕ್ಷಣ ಕದಲುತ್ತಿತ್ತು.

ಮೊದಮೊದಲು ಇಬ್ಬರೂ ಒಟ್ಟಿಗೇ ಉಣ್ಣುತ್ತಿದ್ದರು. ರಂಗಪ್ಪ ಹೊಸ ಎಂಜಿನ್ನನ್ನು ಬೈಯುತ್ತಿದ್ದ. "ಏನು ಎಂಜಿನ್ನು ಸಾರ್ ಇದು, ಒಂದು ಗೆಣಸು ಸುಡಕ್ಕೆ ಯೋಗ್ತೆ ಇಲ್ಲ."

ಎಣ್ಣೆಯ ಲೆಕ್ಕದಲ್ಲಿ ಎರಡೂ ಹೆಚ್ಚುಕಮ್ಮಿ ಸಮಸಮವಾಗಿದ್ದವು. ಒಂದು ವಾರ ಬೋಳು ಎಂಜಿನ್ನಿನ ಎಣ್ಣೆ ಇದ್ದಕ್ಕಿದ್ದಂತೆ ಉಳಿಯತೊಡಗಿತು. ನಾನು ಕಡ್ಡಿಯನ್ನು ಒರೆಸಿ ಮತ್ತೆ ಮತ್ತೆ ಇಳಿಸಿ ನೋಡಿದೆ. ಉಳಿದಿತ್ತು. ಮುನಿಸ್ವಾಮಿ ದೂರದಲ್ಲಿ ನಿಂತು ನನ್ನ ಮುಖ ನೋಡುತ್ತಿದ್ದ. ಅವನಿಗೆ ಮದುವೆಗೆ ಬಂದ ಮಗಳಿದ್ದಳು, ಬೇರೆ ಕೆಲಸಕ್ಕೆ ಸೇರಿಸಿಕೊಳ್ಳದ ವಯಸ್ಸಾಗಿತ್ತು. ಬುತ್ತಿ ಬಿಚ್ಚುವ ಹೊತ್ತಿಗೆ ಇಬ್ಬರೂ ಬೇರೆ ಬೇರೆ ಮರ ಹುಡುಕಿಕೊಳ್ಳತೊಡಗಿದರು. ಗೌಸ್ ಅತ್ತ ಒಮ್ಮೆ ಇತ್ತ ಒಮ್ಮೆ ನೋಡಿ, ಸವತಿಯರ ಮನೆ ಆಗಿಬಿಟ್ಟಿದೆ ಎಂದು ಗೊಣಗಿದ.

ಆಮೇಲೆ ಒಂದು ಸೋಮವಾರ, ಅಥವಾ ಯಾವ ವಾರವೋ, ಸಿಳ್ಳೆ ಎಂಜಿನ್ನಿನ ಎಣ್ಣೆಯೂ ಉಳಿಯಿತು. ಮಾರನೆ ದಿನ ಇನ್ನೂ ಸ್ವಲ್ಪ. ಎರಡೂ ಮತ್ತೆ ಸಮ. ಅವತ್ತೇ ಇರಬೇಕು, ಮುನಿಸ್ವಾಮಿ ರಂಗಪ್ಪ ಒಂದೇ ಮರದ ಕೆಳಗೆ ಕೂತಿದ್ದರು. ರಂಗಪ್ಪ ಏನೋ ಹೇಳುತ್ತಿದ್ದ, ಮುನಿಸ್ವಾಮಿ ನಗುತ್ತಿದ್ದ. ಎಷ್ಟೋ ದಿನಗಳ ನಂತರ ಅವನ ಹಲ್ಲು ನೋಡಿದೆ. ನನಗೆ ಒಳ್ಳೆಯದೆನಿಸಿತು. ಎರಡೂ ಕೊನೆಯವರೆಗೆ ಸಮ ನಿಂತರೆ ರಾಯರು ಇಬ್ಬರನ್ನೂ ಉಳಿಸಿಕೊಳ್ಳಬೇಕಾಗುತ್ತದೆ ಎಂದು ನಾನೂ ಮನಸ್ಸಿನಲ್ಲೇ ಲೆಕ್ಕ ಹಾಕಿಕೊಂಡೆ.

ಏನಾಗಿತ್ತೆಂಬುದು ಆಮೇಲೆ, ಎಂಜಿನ್ ಕೆಟ್ಟ ಮೇಲೆ, ಗಣಿಯವರ ಬಾಯಿಂದ ತಿಳಿಯಿತು. ರಂಗಪ್ಪ ದಿಣ್ಣೆಯ ನೆತ್ತಿ ಮುಟ್ಟಿದ ಕೂಡಲೇ ಗೇರು ಬಿಡಿಸಿ ಎಂಜಿನ್ ಪೂರಾ ಆರಿಸಿಬಿಡುತ್ತಿದ್ದ. ಕಲ್ಲಿನ ಭಾರಕ್ಕೆ ಗಾಡಿ ತಾನಾಗಿಯೇ ಇಳಿಯುತ್ತಿತ್ತು. ಬ್ರೇಕು ಕೈಯಲ್ಲಿ ತಿರುಗಿಸುವ ಚಕ್ರ, ಅದಕ್ಕೆ ಎಂಜಿನ್ ಬೇಕಿರಲಿಲ್ಲ. ಯಾರ್ಡಿನ ತಿರುವಿಗೆ ಮುಂಚೆ ಬ್ಯಾಟರಿಯಿಂದ ಮತ್ತೆ ಚಾಲೂ. ಚಪ್ಪರದಲ್ಲಿ ಕಲ್ಲು ಸುರಿಯುವ ಸದ್ದಿನ ನಡುವೆ ಕೂತ ನನಗೆ ಕೇಳಿಸಿದ್ದು ಓಡುತ್ತ ಬರುವ ಎಂಜಿನ್. ಮುನಿಸ್ವಾಮಿಯೂ ಅದನ್ನೇ ಶುರು ಮಾಡಿದ್ದ.

ಇದನ್ನು ಕಳ್ಳತನ ಎನ್ನುವವರಿಗೆ ಉಗಿ ಎಂಜಿನ್ನಿನವರ ರೀತಿ ಗೊತ್ತಿಲ್ಲ. ಏರು ಮುಗಿದ ಮೇಲೂ ಉಗಿ ಬಿಟ್ಟುಕೊಂಡು ಇಳಿಯುವವನನ್ನು ಅವರು ಡ್ರೈವರ್ ಎಂದೇ ಎಣಿಸುತ್ತಿರಲಿಲ್ಲ. ನೆತ್ತಿಯಲ್ಲಿ ಉಗಿ ಮುಚ್ಚಬೇಕು, ಇಳಿಜಾರು ಕೊಟ್ಟದ್ದನ್ನು ತೆಗೆದುಕೊಳ್ಳಬೇಕು. ಅದು ಕೈಗೆ ಹತ್ತಿದ ಮರ್ಯಾದೆ. ಉಗಿ ಎಂಜಿನ್ನಿಗೆ ಅದರಿಂದ ಏನೂ ಆಗುವುದಿಲ್ಲ. ಬೋಳು ಡೀಸೆಲ್ಲಿಗೂ ಆಗಲಿಲ್ಲ.

ಸಿಳ್ಳೆ ಎಂಜಿನ್ನಿಗೆ ಆಯಿತು. ದಿಣ್ಣೆ ಹತ್ತಿ ಡಬ್ಬಿ ಕಾದು ಕೆಂಪಾಗುವ ಕ್ಷಣ ಯಾವುದೋ, ಸರಿಯಾಗಿ ಆ ಕ್ಷಣಕ್ಕೇ ಕೀಲೆಣ್ಣೆ ನಿಲ್ಲುತ್ತಿತ್ತು. ಪ್ರತಿ ಓಟದಲ್ಲೂ. ಸಂಜೆ ಶೆಡ್ಡಿಗೆ ಬಂದಮೇಲೆ ಮಾತ್ರ ಮುನಿಸ್ವಾಮಿ ಮದ್ರಾಸಿನವನು ಹೇಳಿದ ಹಾಗೆ ಎಂಜಿನ್ನನ್ನು ಸುಮ್ಮನೆ ಓಡಲು ಬಿಟ್ಟು, ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು, ಒಂದು ಬೀಡಿ ಪೂರ್ತಿ ಸೇದಿ, ಆಮೇಲೆ ಆರಿಸುತ್ತಿದ್ದ. ನಾನೇ ನೋಡಿದ್ದೇನೆ. ಒಂದು ದಿನವೂ ತಪ್ಪಿಸಲಿಲ್ಲ.

ಸಿಳ್ಳೆಯ ದನಿ ಒಡೆಯತೊಡಗಿದ್ದನ್ನು ಮೊದಲು ಗಮನಿಸಿದ್ದು ಯಾರು, ನಾನೋ ಗೌಸೋ, ಅದೂ ಈಗ ಕಲಸಿಹೋಗಿದೆ. ಗಂಟಲು ಕಟ್ಟಿದವರ ಹಾಗೆ ಗೊರಗೊರ. ಬಿಚ್ಚಿ ನೋಡೋಣ ಎಂದು ರಾಯರನ್ನು ಕೇಳಿದರೆ, ಪರೀಕ್ಷೆಯ ನಡುವೆ ಬಿಚ್ಚುವ ಹಾಗಿಲ್ಲ ಎಂದರು. ಒಂದು ಮಧ್ಯಾಹ್ನ ಗಾಡಿ ದಿಣ್ಣೆಯ ಅರ್ಧದಲ್ಲಿ ನಿಂತಿದೆ ಎಂದು ಗಣಿಯವರು ಬಂದು ಕೂಗಿದರು. ಓಡಿದೆವು. ಎಂಜಿನ್ನಿನ ತುಂಬ ನೀಲಿ ಹೊಗೆ. ಡಬ್ಬಿಯ ಒಳಗಿನಿಂದ ಕಬ್ಬಿಣ ಕಬ್ಬಿಣಕ್ಕೆ ಉಜ್ಜಿದ ವಾಸನೆ. ಮುನಿಸ್ವಾಮಿ ಬ್ರೇಕಿನ ಚಕ್ರವನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದ, ಬಿಟ್ಟರೆ ತಾನೇ ಕೆಳಕ್ಕೆ ಹೋಗಿಬಿಡುವವನ ಹಾಗೆ. ಆಕಾಶದಲ್ಲಿ ಒಂದು ಮೋಡ ಇರಲಿಲ್ಲ.

ಗೌಸ್ ಡಬ್ಬಿ ಬಿಚ್ಚಿದ. ಬೇರಿಂಗಿನಲ್ಲಿ ಕೀಲೆಣ್ಣೆ ಕರಕಲಾಗಿ ಇದ್ದಿಲಿನಂತೆ ಹತ್ತಿಕೊಂಡಿತ್ತು. ದಂಡ ಓಲಾಡಿ, ಚಕ್ರದ ರೆಕ್ಕೆಗಳು ಗೋಡೆಗೆ ತೇದು ಮೊಂಡಾಗಿದ್ದವು. ಮದ್ರಾಸಿನವನು ಹೇಳಿದ್ದೇ ಆಗಿತ್ತು. ರಾಯರು ಶೆಡ್ಡಿಗೆ ಬಂದು, ತಣಿಸದೆ ಆರಿಸಬಾರದು ಎಂದು ಹೇಳಿದ್ದರೋ ಇಲ್ಲವೋ ಎಂದು ಮುನಿಸ್ವಾಮಿಯನ್ನು ಕೇಳಿದರು.

"ಹೇಳಿದ್ರು ಸಾರ್. ದಿನಾ ಹಂಗೇ ಮಾಡಿದೀನಿ."

"ಮತ್ತೆ ದಿಣ್ಣೆ ಮೇಲೆ ಆರಿಸ್ತಿದ್ಯಂತಲ್ಲಯ್ಯಾ."

"ದಿಣ್ಣೆ ಮೇಲೆ ನಿಲ್ಲಿಸೇ ಇಲ್ವಲ್ಲ ಸಾರ್. ಗಾಡಿ ಓಡ್ತಾನೇ ಇತ್ತಲ್ಲ."

ರಾಯರು ನಕ್ಕರು. ಗೌಸ್ ನಗಲಿಲ್ಲ. ಮುನಿಸ್ವಾಮಿ ಕುತರ್ಕ ಮಾಡುತ್ತಿರಲಿಲ್ಲ. ಅವನ ಬದುಕೆಲ್ಲ ಎಂಜಿನ್ ನಿಲ್ಲುವುದೆಂದರೆ ಗಾಲಿ ನಿಲ್ಲುವುದು. ಗಾಲಿ ಉರುಳುತ್ತಿರುವಾಗಲೇ ಎಂಜಿನ್ನಿನ ಒಳಗು ಸತ್ತಿರಬಹುದು ಎಂಬುದು ಉಗಿಯ ಕಾಲದಲ್ಲಿ ಇರದ ಸಾವು. ಇದನ್ನು ನಾನು ರಾಯರಿಗೆ ವಿವರಿಸಿದೆ. ಇಬ್ಬರೂ ಆರಿಸುತ್ತಿದ್ದರು, ಹಾಗಾಗಿ ಎಣ್ಣೆಯ ಲೆಕ್ಕವೆಲ್ಲ ಸುಳ್ಳು, ಹೊಸ ಡಬ್ಬಿ ತರಿಸಿ ಮೊದಲಿನಿಂದ ಹೋಲಿಸಬೇಕು ಎಂದೆ. ರಾಯರು ನನ್ನ ಭುಜ ತಟ್ಟಿದರು. ಹೋಲಿಕೆ ಮುಗಿಯಿತಲ್ಲಪ್ಪ, ಒಂದು ಓಡುತ್ತಿದೆ, ಒಂದು ಓಡುತ್ತಿಲ್ಲ ಎಂದರು.

ಮುನಿಸ್ವಾಮಿಯನ್ನು ಆ ವಾರವೇ ಬಿಡಿಸಿದರು. ಹೋಗುವಾಗ ಅವನು ರಂಗಪ್ಪನಿಗೆ ಹೇಳಿ ಹೋಗಲಿಲ್ಲ. ನನಗೆ ಹೇಳಿದ. "ಇಳಿಜಾರಲ್ಲಿ ಆರ್ಸು ಅಂತ ಹೇಳ್ಕೊಟ್ಟೋನೇ ಅವ್ನು ಸಾರ್. ಮರದ ಕೆಳಗೆ ಕೂರಿಸ್ಕೊಂಡು, ಮುದ್ದೆ ಮುರ್ಕೊಟ್ಟು ಹೇಳ್ಕೊಟ್ಟ."

ಒಂದು ಮರದ ಕೆಳಗೆ ಇಬ್ಬರು ನಕ್ಕ ಆ ಚಿತ್ರ ನನ್ನ ತಲೆಯಲ್ಲಿ ಆ ಕ್ಷಣವೇ ತಿರುಚಿಕೊಂಡಿತು. ಅಂದಿನಿಂದ ಅದು ನೆಟ್ಟಗಾಗಿಲ್ಲ.

ಗೆದ್ದ ಬೋಳು ಎಂಜಿನ್ ದೀಪಾವಳಿಯ ತನಕವೂ ಬಾಳಲಿಲ್ಲ. ಅದು ಕೆಡಲಿಲ್ಲ. ಕಂಪನಿಯ ಯಜಮಾನರು ಲಾರಿಗಳನ್ನು ತಂದರು. ಲಾರಿ ಗಣಿಯಿಂದ ನೇರ ರಾಜಾಜಿನಗರದ ಸೈಟಿಗೇ ಹೋಗಿ ಕಲ್ಲು ಸುರಿಯುತ್ತದೆ, ಯಾರ್ಡು ಬೇಡ, ಹಳಿ ಬೇಡ. ಲಾರಿಯ ಮಾತುಕತೆ ಬೇಸಿಗೆಯಲ್ಲೇ ನಡೆದಿತ್ತಂತೆ. ಎಂಜಿನ್ನುಗಳು ಬಂದದ್ದು ಏಜೆಂಟರ ದಾಕ್ಷಿಣ್ಯಕ್ಕೆ. ಹೀಗೆಂದು ರಾಯರೇ ಒಂದು ದಿನ, ಮರೆತುಹೋಗಿದ್ದ ತಮಾಷೆಯೊಂದನ್ನು ನೆನಪಿಸಿಕೊಂಡವರಂತೆ ನನಗೆ ಹೇಳಿದರು. ಆಗಲೂ ಕಾಫಿ ತರಿಸಿದ್ದರು.

ರಂಗಪ್ಪನನ್ನೂ ಬಿಡಿಸಿದರು. ಅವನು ನನ್ನ ಸೈಕಲ್ಲಿನ ಹ್ಯಾಂಡಲ್ ಹಿಡಿದು ನಿಲ್ಲಿಸಿದ, ಈಗ ಬಾಪೂಜಿ ನಗರ ಇರುವ ಕಡೆ, ಮೈಸೂರು ರಸ್ತೆಯ ಮಗ್ಗುಲಲ್ಲಿ. ಅವನ ಬಾಯಿ ಮೊದಲ ಸಲ ತಡವರಿಸುತ್ತಿತ್ತು. ಗುಟ್ಟು ಹೇಳಿಕೊಟ್ಟದ್ದು ಹೌದು ಎಂದ. ಮುನಿಸ್ವಾಮಿ ಮುಖ ಸಣ್ಣ ಮಾಡಿಕೊಂಡು ಒಬ್ಬನೇ ಉಣ್ಣುವುದನ್ನು ನೋಡಲಾಗದೆ, ಇಬ್ಬರೂ ಸಮ ಆಗೋಣ ಎಂದು ಹೇಳಿಕೊಟ್ಟನಂತೆ. ಆ ಡಬ್ಬಿಯ ವಿಷಯ ತನಗೆ ಗೊತ್ತೇ ಇರಲಿಲ್ಲ ಎಂದ.

"ಅವ್ನ ಎಂಜಿನ್ನು ನನ್ ಎಂಜಿನ್ನು ಒಂದೇ ಅಂದ್ಕೊಂಡಿದ್ದೆ ಸಾರ್. ನೀವಾದ್ರೂ ಹೇಳಿ ಅವನ್ಗೆ. ನನ್ ಮುಖ ನೋಡ್ತಾ ಇಲ್ಲ ಅವ್ನು."

ಹೇಳುತ್ತೇನೆ ಎಂದೆ. ಮುನಿಸ್ವಾಮಿ ಆಗ ಹೊಸಹಳ್ಳಿಯಲ್ಲೇ, ನಮ್ಮ ಬೀದಿಯ ಕೊನೆಯ ಹಿಟ್ಟಿನ ಗಿರಣಿಯಲ್ಲಿ ಎಂಜಿನ್ ನೋಡಿಕೊಳ್ಳುತ್ತಿದ್ದ. ಒಂದೇ ಸಿಲಿಂಡರಿನ, ಪಕ್ಕದಲ್ಲಿ ದೊಡ್ಡ ಗಾಲಿಯಿದ್ದ ಸಣ್ಣ ಡೀಸೆಲ್. ಅದೂ ಬೋಳೇ. ರೆಪ್ಪೆಯ ಮೇಲೆಲ್ಲ ರಾಗಿಹಿಟ್ಟು ಕೂತು ಅವನು ಇನ್ನೊಬ್ಬ ಮನುಷ್ಯನ ಹಾಗೆ ಕಾಣುತ್ತಿದ್ದ. ಗಿರಣಿಯ ಸದ್ದಿನಲ್ಲಿ ಕಿವಿಯ ಹತ್ತಿರ ಬಾಯಿಟ್ಟು ರಂಗಪ್ಪ ಹೇಳಿದ್ದನ್ನೆಲ್ಲ ಹೇಳಿದೆ. ಅವನು ಪೂರ್ತಿ ಕೇಳಿದ. ಆಮೇಲೆ ಒಂದೇ ಮಾತು ಕೇಳಿದ.

"ಮದ್ರಾಸ್ನೋರು ಅವತ್ತು ಶೆಡ್ ಮುಂದೆ ಹೇಳುವಾಗ ರಂಗ ಅಲ್ಲಿದ್ನೋ ಇಲ್ವೋ? ಅದೊಂದು ಹೇಳ್ಬಿಡಿ ಸಾರ್, ಸಾಕು. ನಂಗೆ ಆ ಡಬ್ಬಿ ಬಿಟ್ರೆ ಇನ್ನೇನೂ ನೆನಪಿಲ್ಲ."

ಇದ್ದರೆ ದ್ರೋಹ, ಇಲ್ಲದಿದ್ದರೆ ಸ್ನೇಹ. ಅವನು ಅಷ್ಟಕ್ಕೆ ತಂದು ನಿಲ್ಲಿಸಿಕೊಂಡಿದ್ದ. ಇದ್ದರೂ ರಂಗಪ್ಪ ಅವನ ಹಾಗೆಯೇ ಗಾಲಿ ನಿಂತರೆ ಮಾತ್ರ ನಿಂತಂತೆ ಎಂದು ತಿಳಿದಿರಬಹುದಲ್ಲ, ಎಂದೆ. ಅವನಿಗೆ ಅದು ಬೇಕಿರಲಿಲ್ಲ. ನಾನು ಕಣ್ಣು ಮುಚ್ಚಿ ಆ ದಿನವನ್ನು ಕರೆದೆ. ಶೆಡ್ಡು ಬಂತು, ಹಸಿರು ಡಬ್ಬಿ ಬಂತು, ಗೌಸಿನ ಕೈಯ ಸ್ಪ್ಯಾನರ್ ಬಂತು. ಹೆಗಲಿಗೆ ಟವೆಲು ಹಾಕಿಕೊಂಡು ಬಾಗಿಲಿಗೆ ಒರಗಿದ ರಂಗಪ್ಪನೂ ಬಂದ. ಆದರೆ ಅವನು ದಿನಾ ಹಾಗೆ ಒರಗಿ ನಿಲ್ಲುತ್ತಿದ್ದವನೇ. ಅದು ಆ ದಿನದ ಬಾಗಿಲೋ ಬೇರೆ ದಿನದ್ದೋ? ಮತ್ತೆ ಕರೆದರೆ ಬಾಗಿಲು ಖಾಲಿಯಾಗಿತ್ತು. ಇಷ್ಟು ವರ್ಷಗಳಲ್ಲಿ ಅವನು ಆ ಬಾಗಿಲಿಗೆ ಬಂದಿದ್ದಾನೆ, ಹೋಗಿದ್ದಾನೆ. ನಾನು ಅವನನ್ನು ಹಿಡಿದು ನಿಲ್ಲಿಸಲೂ ಆಗಿಲ್ಲ, ಹೊರಗೆ ಕಳಿಸಲೂ ಆಗಿಲ್ಲ.

ಗೊತ್ತಿಲ್ಲ ಮುನಿಸ್ವಾಮಿ, ಎಂದೆ.

ಅವನು ನನ್ನನ್ನು ನೋಡಿದ. ಮುಖದ ಹಿಟ್ಟು ಅಲುಗಲಿಲ್ಲ.

"ಗೊತ್ತಿಲ್ಲ ಅನ್ನಿ ಅಂತ ನಿಮ್ಗೂ ಅವ್ನೇ ಹೇಳ್ಕೊಟ್ನಾ ಸಾರ್?"

ಅಷ್ಟು ಕೇಳಿ, ಕೈಚಾಚಿ ಎಂಜಿನ್ ಆರಿಸಿದ. ಗಾಲಿ ಮಾತ್ರ ನಮ್ಮಿಬ್ಬರ ನಡುವೆ, ಸದ್ದಿಲ್ಲದೆ, ಇನ್ನೂ ತಿರುಗುತ್ತಲೇ ಇತ್ತು.